ಖ್ಯಾತನಾಮರ ಫ್ಯಾಷನ್ ಗೊಂಬೆಗಳು

ಖ್ಯಾತನಾಮರ ಫ್ಯಾಷನ್ ಗೊಂಬೆಗಳು ಎಂದರೆ ಚಲನಚಿತ್ರ, ಸಂಗೀತ, ದೂರದರ್ಶನ, ರಾಜಮನೆತನ ಮೊದಲಾದ ಕ್ಷೇತ್ರಗಳ ಪ್ರಸಿದ್ಧ ವ್ಯಕ್ತಿಗಳ ರೂಪವನ್ನೂ ಅವರು ಧರಿಸಿದ ಉಡುಪುಗಳನ್ನೂ ಅನುಕರಿಸಿ ತಯಾರಿಸಿದ ಗೊಂಬೆಗಳು. ಮಕ್ಕಳ ಆಟಿಕೆಯಾಗಿ ಬೆಳೆದ ಈ ಪ್ರಕಾರವು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ವಯಸ್ಕ ಸಂಗ್ರಾಹಕರ ಆಸಕ್ತಿಯ ವಸ್ತುವಾಯಿತು. ಅಮೆರಿಕದ ಐಡಿಯಲ್, ಮೇಡಮ್ ಅಲೆಕ್ಸಾಂಡರ್, ಮ್ಯಾಟೆಲ್, ಮೀಗೋ ಮತ್ತು ಫ್ರಾಂಕ್ಲಿನ್ ಮಿಂಟ್ ಸಂಸ್ಥೆಗಳು ಇದರ ಪ್ರಮುಖ ತಯಾರಕರು. ಇಂತಹ ಗೊಂಬೆಗಳಲ್ಲಿ ವ್ಯಕ್ತಿಯ ಗುರುತು ಮುಖದಷ್ಟೇ, ಅನೇಕ ವೇಳೆ ಮುಖಕ್ಕಿಂತಲೂ ಹೆಚ್ಚಾಗಿ, ಉಡುಪನ್ನು ಅವಲಂಬಿಸಿರುತ್ತದೆ. ಆದ್ದರಿಂದ ಇವು ವಸ್ತ್ರವಿನ್ಯಾಸದ ಇತಿಹಾಸದಲ್ಲಿಯೂ ಸ್ಥಾನ ಪಡೆದಿವೆ. ಒಬ್ಬರ ರೂಪವನ್ನು ಮಾರಾಟದ ವಸ್ತುವಾಗಿಸುವ ಹಕ್ಕು ಯಾರದು, ಮರಣಾನಂತರ ಆ ಹಕ್ಕು ಉಳಿಯುತ್ತದೆಯೇ ಎಂಬ ಪ್ರಶ್ನೆಗಳು ಇವುಗಳ ಕಾರಣದಿಂದ ಹಲವು ದೇಶಗಳ ನ್ಯಾಯಾಲಯಗಳ ಮುಂದೆ ಬಂದಿವೆ.

ಲಕ್ಷಣಗಳು

ಶಿಶುವಿನ ರೂಪದ ಗೊಂಬೆಗಿಂತ ಫ್ಯಾಷನ್ ಗೊಂಬೆ ಭಿನ್ನವಾದುದು. ಇದು ಸಾಮಾನ್ಯವಾಗಿ ಯುವತಿಯ ದೇಹಾಕೃತಿಯನ್ನು ಹೊಂದಿರುತ್ತದೆ ಮತ್ತು ಇದರ ಉಡುಪುಗಳನ್ನು ಬದಲಿಸಬಹುದು. ಬಾರ್ಬಿಯ ಅಳತೆಯಾದ ಹನ್ನೊಂದೂವರೆ ಅಂಗುಲ, ಅಂದರೆ ಸುಮಾರು 29 ಸೆಂ.ಮೀ. ಎತ್ತರ, ಇಂತಹ ಗೊಂಬೆಗಳಲ್ಲಿ ಅತ್ಯಂತ ಪ್ರಚಲಿತವಾದುದು. ಇದು ಮಾನವದೇಹದ ಆರನೆಯ ಒಂದು ಭಾಗಕ್ಕೆ ಸಮೀಪವಾಗಿದೆ.

ಖ್ಯಾತನಾಮರ ಗೊಂಬೆಗಳಲ್ಲಿ ಎರಡು ಬಗೆಗಳುಂಟು. ಒಂದು ಬಗೆಯಲ್ಲಿ ವ್ಯಕ್ತಿಯ ಮುಖವನ್ನು ಹೊಸದಾಗಿ ಕೆತ್ತಿ ಪ್ರತ್ಯೇಕ ಅಚ್ಚು ಸಿದ್ಧಪಡಿಸಲಾಗುತ್ತದೆ. ಇನ್ನೊಂದರಲ್ಲಿ ಈಗಾಗಲೇ ಇರುವ ತಲೆ ಮತ್ತು ದೇಹದ ಅಚ್ಚುಗಳನ್ನೇ ಬಳಸಿ ಕೇಶವಿನ್ಯಾಸ, ಮುಖವರ್ಣ ಮತ್ತು ಉಡುಪುಗಳಿಂದ ಹೋಲಿಕೆ ತರಲಾಗುತ್ತದೆ. ನಟ ಅಥವಾ ನಟಿ ಅಭಿನಯಿಸಿದ ಪಾತ್ರದ ಹೆಸರಿನಲ್ಲಿ ಬರುವ ಗೊಂಬೆಗಳನ್ನೂ ಸಂಗ್ರಾಹಕರು ಇದೇ ವರ್ಗಕ್ಕೆ ಸೇರಿಸುತ್ತಾರೆ.

ಇತಿಹಾಸ

ಹಿನ್ನೆಲೆ

ಮುದ್ರಿತ ಫ್ಯಾಷನ್ ಪತ್ರಿಕೆಗಳು ವ್ಯಾಪಕವಾಗುವ ಮೊದಲು ಯೂರೋಪಿನಲ್ಲಿ ಹೊಸ ಉಡುಪುಗಳ ಮಾದರಿಯನ್ನು ದೂರದ ಊರುಗಳಿಗೆ ತಿಳಿಸಲು ಗೊಂಬೆಗಳನ್ನು ಕಳುಹಿಸುವ ಪದ್ಧತಿಯಿತ್ತು. 'ಪಂಡೋರಾ' ಎಂದು ಕರೆಯಲಾಗುತ್ತಿದ್ದ ಈ ಗೊಂಬೆಗಳು 17 ಮತ್ತು 18ನೆಯ ಶತಮಾನಗಳಲ್ಲಿ ಪ್ಯಾರಿಸ್‌ನಿಂದ ಇತರ ರಾಜಧಾನಿಗಳಿಗೆ ಹೋಗುತ್ತಿದ್ದವು. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳ ಉಡುಪುಗಳನ್ನು ಸಿದ್ಧಪಡಿಸುತ್ತಿದ್ದ ರೋಸ್ ಬರ್ಟಿನ್ ಕೂಡ ತನ್ನ ವಿನ್ಯಾಸಗಳ ಪ್ರಚಾರಕ್ಕೆ ಇಂತಹ ಗೊಂಬೆಗಳನ್ನು ಬಳಸಿದಳು. ಇಲ್ಲಿ ಗೊಂಬೆಯು ಆಟಿಕೆಯಾಗಿರಲಿಲ್ಲ. ಉಡುಪಿನ ಮಾದರಿಯನ್ನು ಹೊತ್ತೊಯ್ಯುವ ಸಾಧನವಾಗಿತ್ತು.

ಪ್ರಸಿದ್ಧ ವ್ಯಕ್ತಿಗಳನ್ನು ಗೊಂಬೆಗಳಲ್ಲಿ ಕಾಣುವ ಹವ್ಯಾಸಕ್ಕೆ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಬಾಲ್ಯವು ಒಂದು ನಿದರ್ಶನ. ರಾಜಕುಮಾರಿಯಾಗಿದ್ದಾಗ ಆಕೆಯ ಬಳಿ 132 ಸಣ್ಣ ಮರದ ಗೊಂಬೆಗಳಿದ್ದವು. ತನ್ನ ಶಿಕ್ಷಕಿ ಲೇಜೆನ್‌ಳ ನೆರವಿನಿಂದ ಆಕೆ ಅವುಗಳಲ್ಲಿ ಹಲವಕ್ಕೆ ಬ್ಯಾಲೆ ನರ್ತಕಿಯರು, ಆಪೆರಾ ಗಾಯಕಿಯರು ಮತ್ತು ಆಸ್ಥಾನದ ಮಹಿಳೆಯರು ಧರಿಸುತ್ತಿದ್ದಂತಹ ಉಡುಪುಗಳನ್ನು ಹೊಲಿದು ತೊಡಿಸಿದ್ದಳು. ಗೊಂಬೆಗಳ ಮುಖಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿದ್ದುದರಿಂದ ನರ್ತಕಿ ಯಾರೆಂಬುದನ್ನು ಉಡುಪೇ ಹೇಳಬೇಕಾಗಿತ್ತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್‌ಳ ಕಾಗದದ ಗೊಂಬೆಗಳು ಮಾರಾಟಕ್ಕೆ ಬಂದವು.

ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ ಪ್ಯಾರಿಸ್‌ನ ವಸ್ತ್ರೋದ್ಯಮವು ತನ್ನ ಪುನಶ್ಚೇತನಕ್ಕೆ ಮತ್ತೆ ಗೊಂಬೆಗಳನ್ನೇ ಆಶ್ರಯಿಸಿತು. ಬಟ್ಟೆಯ ಕೊರತೆಯಿದ್ದ ಆ ಕಾಲದಲ್ಲಿ ಬಲೆನ್ಸಿಯಾಗ, ಲಾನ್ವೆನ್, ನೀನಾ ರಿಚಿ, ಸ್ಕಿಯಾಪರೆಲ್ಲಿ ಮೊದಲಾದ ವಿನ್ಯಾಸ ಗೃಹಗಳು ತಂತಿಯಿಂದ ಮಾಡಿದ, ಸುಮಾರು 70 ಸೆಂ.ಮೀ. ಎತ್ತರದ ಗೊಂಬೆಗಳಿಗೆ ಉಡುಪು ಹೊಲಿದವು. 'ತೆಯಾತ್ರ್ ದ ಲಾ ಮೋಡ್' ಎಂಬ ಹೆಸರಿನ ಈ ಪ್ರದರ್ಶನ 1945ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾಗಿ 1946ರಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಗರಗಳನ್ನು ತಲುಪಿತು. ಉಳಿದುಬಂದ ಗೊಂಬೆಗಳು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ವಸ್ತುಸಂಗ್ರಹಾಲಯದಲ್ಲಿವೆ. ಇವು ಯಾವ ವ್ಯಕ್ತಿಯ ಪ್ರತಿರೂಪವೂ ಅಲ್ಲ. ಆದರೆ ಪ್ರಸಿದ್ಧ ವಿನ್ಯಾಸಕರ ಉಡುಪು ಪುಟ್ಟ ಅಳತೆಯಲ್ಲಿಯೂ ಗೌರವಾರ್ಹ ಕಲಾಕೃತಿಯಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟವು.

ಶರ್ಲಿ ಟೆಂಪಲ್ ಗೊಂಬೆ

ಚಲನಚಿತ್ರ ತಾರೆಯ ಗೊಂಬೆಯು ದೊಡ್ಡ ಉದ್ಯಮವಾಗಬಲ್ಲದೆಂಬುದನ್ನು ಸ್ಥಾಪಿಸಿದ್ದು ಬಾಲನಟಿ ಶರ್ಲಿ ಟೆಂಪಲ್‌ಳ ಗೊಂಬೆ. ಆರ್ಥಿಕ ಮಹಾಕುಸಿತದ ಕಾಲವಾದ 1934ರಲ್ಲಿ ಐಡಿಯಲ್ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು. ಬರ್ನಾರ್ಡ್ ಲಿಪ್‌ಫರ್ಟ್ ಮುಖವನ್ನು ಕೆತ್ತಿದರು. ಮಾಲಿ ಗೋಲ್ಡ್‌ಮನ್ ಉಡುಪುಗಳನ್ನು ವಿನ್ಯಾಸಗೊಳಿಸಿದರು. 'ಸ್ಟ್ಯಾಂಡ್ ಅಪ್ ಅಂಡ್ ಚಿಯರ್' ಚಿತ್ರದಲ್ಲಿ ಆಕೆ ಧರಿಸಿದ್ದ ಚುಕ್ಕಿಗಳ ಫ್ರಾಕು ಈ ಗೊಂಬೆಯ ಅತ್ಯಂತ ಪರಿಚಿತ ಉಡುಪು. ಗುಂಗುರು ಕೂದಲು, ಕೆನ್ನೆಯ ಕುಳಿ ಮತ್ತು ಆ ಫ್ರಾಕು ಮೂರೂ ಸೇರಿ ಹೋಲಿಕೆಯನ್ನು ನಿಶ್ಚಿತಗೊಳಿಸಿದವು. ಪರವಾನಗಿಯಿಲ್ಲದ ನಕಲುಗಳಿಂದ ಬೇರ್ಪಡಿಸಲು ಅಸಲಿ ಗೊಂಬೆಗೆ ಟೆಂಪಲ್‌ಳ ಚಿತ್ರವಿದ್ದ ಬಿಲ್ಲೆಯನ್ನು ಸಿಕ್ಕಿಸಲಾಗುತ್ತಿತ್ತು. 1957ರಲ್ಲಿ ಇದೇ ಸಂಸ್ಥೆ ವಿನೈಲ್‌ನಲ್ಲಿ ಹೊಸ ಆವೃತ್ತಿಯನ್ನು ಹೊರತಂದಿತು.

ಇದೇ ಕಾಲದಲ್ಲಿ ನ್ಯೂಯಾರ್ಕಿನ ಮೇಡಮ್ ಅಲೆಕ್ಸಾಂಡರ್ ಸಂಸ್ಥೆ ಡಿಯೋನ್ ಪಂಚಾವಳಿ ಸಹೋದರಿಯರು, ಹಿಮನರ್ತಕಿ ಸೋನ್ಯಾ ಹೆನಿ ಮೊದಲಾದವರ ಗೊಂಬೆಗಳನ್ನು ತಯಾರಿಸಿತು. 1953ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ದೃಶ್ಯವನ್ನು 36 ಗೊಂಬೆಗಳ ಮೂಲಕ ಈ ಸಂಸ್ಥೆ ಮರುಸೃಷ್ಟಿಸಿತು.

ಬಾರ್ಬಿ ಮತ್ತು 1960ರ ದಶಕ

ರೂತ್ ಹ್ಯಾಂಡ್ಲರ್ ರೂಪಿಸಿದ ಬಾರ್ಬಿ ಗೊಂಬೆಯನ್ನು ಮ್ಯಾಟೆಲ್ ಸಂಸ್ಥೆ 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಿಡುಗಡೆ ಮಾಡಿತು. ಅದರ ಆರಂಭದ ಉಡುಪುಗಳನ್ನು ಷಾರ್ಲೆಟ್ ಜಾನ್ಸನ್ ವಿನ್ಯಾಸಗೊಳಿಸಿದರು. ಬಾರ್ಬಿ ಕಾಲ್ಪನಿಕ ವ್ಯಕ್ತಿ. ನಿಜವ್ಯಕ್ತಿಯೊಬ್ಬರ ಹೆಸರನ್ನು ಹೊತ್ತ ಮ್ಯಾಟೆಲ್‌ನ ಮೊದಲ ಫ್ಯಾಷನ್ ಗೊಂಬೆ ಬಂದದ್ದು 1967ರಲ್ಲಿ. ಅದು ಬ್ರಿಟನ್ನಿನ ರೂಪದರ್ಶಿ ಟ್ವಿಗ್ಗಿಯ ಗೊಂಬೆ. ಇದಕ್ಕೆ ಹೊಸ ಅಚ್ಚನ್ನು ತಯಾರಿಸಲಿಲ್ಲ. ಬಾರ್ಬಿ ಸರಣಿಯ ಫ್ರಾನ್ಸಿ ಎಂಬ ಗೊಂಬೆಯ ದೇಹವನ್ನೂ ಕೇಸಿ ಎಂಬ ಗೊಂಬೆಯ ತಲೆಯ ಅಚ್ಚನ್ನೂ ಬಳಸಲಾಯಿತು. ಗಿಡ್ಡ ಕೂದಲು, ದಟ್ಟವಾಗಿ ಬರೆದ ರೆಪ್ಪೆಗೂದಲು, ಪಟ್ಟೆಗಳ ಮಿನಿ ಉಡುಪು ಮತ್ತು ಹಳದಿ ಬೂಟುಗಳೇ ಅದನ್ನು ಟ್ವಿಗ್ಗಿಯನ್ನಾಗಿಸಿದವು.

1969ರಲ್ಲಿ ನಟಿ ಡಯಾನ್ ಕ್ಯಾರಲ್ ಅಭಿನಯದ 'ಜೂಲಿಯಾ' ದೂರದರ್ಶನ ಸರಣಿಯನ್ನು ಆಧರಿಸಿದ ಗೊಂಬೆ ಬಂದಿತು. ಆಫ್ರಿಕನ್ ಅಮೆರಿಕನ್ ಮಹಿಳೆಯನ್ನು ಮನೆಗೆಲಸದವಳಾಗಿ ತೋರಿಸದೆ ದಾದಿಯ ವೃತ್ತಿಯಲ್ಲಿರುವ ವಿಧವೆ ತಾಯಿಯಾಗಿ ಚಿತ್ರಿಸಿದ ಆ ಸರಣಿಗೆ ಅಮೆರಿಕದ ದೂರದರ್ಶನ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಗೊಂಬೆಯ ಬಿಳಿಯ ದಾದಿ ಸಮವಸ್ತ್ರವು ಪಾತ್ರದ ವೃತ್ತಿಯನ್ನು ಸಾರುತ್ತಿತ್ತು. ಅದರ ಮಾತನಾಡುವ ಆವೃತ್ತಿಗೆ ಕ್ಯಾರಲ್ ಅವರದೇ ಧ್ವನಿಯಿತ್ತು.

ಶೆರ್ ಗೊಂಬೆ ಮತ್ತು ದೂರದರ್ಶನ ಯುಗ

1976ರಲ್ಲಿ ಮೀಗೋ ಸಂಸ್ಥೆ ಗಾಯಕಿ ಶೆರ್‌ಳ ಗೊಂಬೆಯನ್ನು ಬಿಡುಗಡೆ ಮಾಡಿತು. ದೂರದರ್ಶನ ಕಾರ್ಯಕ್ರಮದಲ್ಲಿ ಆಕೆ ಧರಿಸುತ್ತಿದ್ದ ಮಣಿ, ಗರಿ ಹಾಗೂ ಚಮಕಿಗಳ ಉಡುಪುಗಳು ವಿನ್ಯಾಸಕ ಬಾಬ್ ಮ್ಯಾಕಿ ಅವರವು. ಗೊಂಬೆಗಾಗಿ ಪ್ರತ್ಯೇಕವಾಗಿ ಮಾರಾಟವಾದ ಉಡುಪುಗಳ ಸರಣಿಯೂ ಅವರ ಹೆಸರಿನಲ್ಲಿಯೇ ಬಂದಿತು. ಗಾಯಕಿ ಮತ್ತು ವಿನ್ಯಾಸಕ ಇಬ್ಬರ ಖ್ಯಾತಿಯನ್ನೂ ಒಂದೇ ಆಟಿಕೆಯಲ್ಲಿ ಬೆಸೆದ ಈ ಪ್ರಯೋಗ ಮುಂದಿನ ಸಂಗ್ರಾಹಕ ಗೊಂಬೆಗಳಿಗೆ ಮಾದರಿಯಾಯಿತು. ಫಾರಾ ಫಾಸೆಟ್ ಮತ್ತು ಡಯಾನಾ ರಾಸ್ ಅವರ ಗೊಂಬೆಗಳನ್ನೂ ಮೀಗೋ ತಯಾರಿಸಿತು. 1984ರಲ್ಲಿ ಎಲ್‌ಜೆಎನ್ ಸಂಸ್ಥೆ ಮೈಕೆಲ್ ಜಾಕ್ಸನ್ ಗೊಂಬೆಯನ್ನು ಹೊರತಂದಿತು. 'ಥ್ರಿಲ್ಲರ್' ಮತ್ತು 'ಬೀಟ್ ಇಟ್' ವಿಡಿಯೋಗಳಲ್ಲಿ ಹಾಗೂ ಪ್ರಶಸ್ತಿ ಸಮಾರಂಭಗಳಲ್ಲಿ ಆತ ಧರಿಸಿದ್ದ ಉಡುಪುಗಳಲ್ಲಿ ಅದು ಲಭ್ಯವಿತ್ತು.

ಸಂಗ್ರಾಹಕರ ಯುಗ

1980ರ ದಶಕದಲ್ಲಿ ಬಾರ್ಬಿಯೊಡನೆ ಬೆಳೆದ ಪೀಳಿಗೆ ವಯಸ್ಕರಾಗಿ ಹಳೆಯ ಗೊಂಬೆಗಳನ್ನು ಹುಡುಕಿ ಕೊಳ್ಳತೊಡಗಿತು. ಮ್ಯಾಟೆಲ್ 1985ರಲ್ಲಿ ಆಸ್ಕರ್ ದ ಲಾ ರೆಂಟಾ ಅವರ ಉಡುಪುಗಳನ್ನೂ 1990ರಲ್ಲಿ ಬಾಬ್ ಮ್ಯಾಕಿ ವಿನ್ಯಾಸದ ಚಿನ್ನದ ಬಣ್ಣದ ಬಾರ್ಬಿಯನ್ನೂ ಬಿಡುಗಡೆ ಮಾಡಿತು. ಸೀಮಿತ ಸಂಖ್ಯೆಯ ಆವೃತ್ತಿ, ದೃಢೀಕರಣ ಪತ್ರ ಮತ್ತು ಪ್ರದರ್ಶನಕ್ಕೆ ಯೋಗ್ಯವಾದ ಪೆಟ್ಟಿಗೆ ಈ ಯುಗದ ಲಕ್ಷಣಗಳಾದವು. ಜಾಕ್ವೆಲಿನ್ ಕೆನಡಿ ಮತ್ತು ರಾಜಕುಮಾರಿ ಡಯಾನಾರ ಗೊಂಬೆಗಳ ಮೂಲಕ ಫ್ರಾಂಕ್ಲಿನ್ ಮಿಂಟ್ ಈ ಮಾರುಕಟ್ಟೆಯಲ್ಲಿ ಪ್ರಮುಖವಾಯಿತು.

ಭಾರತದಲ್ಲಿ 2009ರಲ್ಲಿ, ಬಾರ್ಬಿಯ 50ನೆಯ ವರ್ಷಾಚರಣೆಯ ಸಂದರ್ಭದಲ್ಲಿ, ಹಿಂದಿ ಚಿತ್ರನಟಿ ಕತ್ರಿನಾ ಕೈಫ್ ಅವರನ್ನು ಮಾದರಿಯಾಗಿಟ್ಟುಕೊಂಡ ಬಾರ್ಬಿಯನ್ನು ಪರಿಚಯಿಸಲಾಯಿತು. 2024ರಲ್ಲಿ ವಿನ್ಯಾಸಕಿ ಅನಿತಾ ಡೋಂಗ್ರೆ ಅವರ ಲೆಹೆಂಗಾ ತೊಟ್ಟ ದೀಪಾವಳಿ ಬಾರ್ಬಿ ಬಂದಿತು. ಇದು ವ್ಯಕ್ತಿಯೊಬ್ಬರ ಪ್ರತಿರೂಪವಲ್ಲ.

ಗೊಂಬೆಗಳಿಗೆ ಮಾದರಿಯಾದ ಪ್ರಸಿದ್ಧ ಉಡುಪುಗಳು

ಆಡ್ರೆ ಹೆಪ್‌ಬರ್ನ್‌ಳ ಕಪ್ಪು ಉಡುಪು: 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫ಼ನೀಸ್' ಚಿತ್ರಕ್ಕಾಗಿ ಊಬೆರ್ ದ ಜಿವಾನ್ಶಿ ವಿನ್ಯಾಸಗೊಳಿಸಿದ್ದು. ಈ ವೇಷದ ಬಾರ್ಬಿ 1998ರಲ್ಲಿ ಬಂದಿತು. ಜಿವಾನ್ಶಿ ತಮ್ಮಲ್ಲಿದ್ದ ಇಂತಹ ಒಂದು ಉಡುಪನ್ನು ಲೇಖಕ ಡೊಮಿನಿಕ್ ಲಾಪಿಯೇರ್ ಅವರಿಗೆ ಕೊಟ್ಟಿದ್ದರು. 2006ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 4,67,200 ಪೌಂಡುಗಳಿಗೆ ಮಾರಾಟವಾಯಿತು. ಆ ಹಣ ಭಾರತದ ಬಡವರಿಗಾಗಿ ಲಾಪಿಯೇರ್ ನಡೆಸುತ್ತಿದ್ದ ಸೇವಾಕಾರ್ಯಕ್ಕೆ ಸಂದಿತು.

ಮರ್ಲಿನ್ ಮನ್ರೋಳ ಬಿಳಿ ಉಡುಪು: 1955ರ 'ದ ಸೆವೆನ್ ಇಯರ್ ಇಚ್' ಚಿತ್ರಕ್ಕಾಗಿ ವಿಲಿಯಂ ಟ್ರವಿಲ್ಲಾ ವಿನ್ಯಾಸಗೊಳಿಸಿದ ನೆರಿಗೆಯ ಉಡುಪು. ಇದನ್ನು ಧರಿಸಿದ ಬಾರ್ಬಿ 1997ರಲ್ಲಿ ಬಿಡುಗಡೆಯಾಯಿತು.

ಗ್ರೇಸ್ ಕೆಲ್ಲಿಯ ಮದುವೆಯ ಉಡುಪು: 1956ರಲ್ಲಿ ಮೊನಾಕೋದ ರಾಜಕುಮಾರನೊಡನೆ ನಡೆದ ವಿವಾಹಕ್ಕೆ ಹೆಲೆನ್ ರೋಸ್ ಸಿದ್ಧಪಡಿಸಿದ್ದು. ಮೂಲ ಉಡುಪು ಫಿಲಡೆಲ್ಫಿಯಾ ಕಲಾ ವಸ್ತುಸಂಗ್ರಹಾಲಯದಲ್ಲಿದೆ. 2011ರಲ್ಲಿ ಇದನ್ನು ಅನುಕರಿಸಿದ ಬಾರ್ಬಿ ಬಂದಿತು.

ಡಯಾನಾರ 'ಎಲ್ವಿಸ್ ಉಡುಪು': ಕ್ಯಾಥರೀನ್ ವಾಕರ್ 1989ರಲ್ಲಿ ವಿನ್ಯಾಸಗೊಳಿಸಿದ, ಮುತ್ತುಗಳನ್ನು ಹೊಲಿದ ಬಿಳಿ ಉಡುಪು ಮತ್ತು ಎತ್ತರ ಕೊರಳಪಟ್ಟಿಯ ಗಿಡ್ಡ ಮೇಲಂಗಿ. 1997ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಡಯಾನಾ ತಮ್ಮ 79 ಉಡುಪುಗಳನ್ನು ದತ್ತಿಕಾರ್ಯಕ್ಕಾಗಿ ಹರಾಜು ಹಾಕಿಸಿದಾಗ ಫ್ರಾಂಕ್ಲಿನ್ ಮಿಂಟ್ ಇದನ್ನು ಕೊಂಡಿತು. ಮುಂದೆ ಅದನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ನೀಡಿತು.

ತಯಾರಿಕೆ

ಮೊದಲಿಗೆ ಶಿಲ್ಪಿಯು ಛಾಯಾಚಿತ್ರಗಳ ಆಧಾರದ ಮೇಲೆ ಜೇಡಿ ಅಥವಾ ಮೇಣದಲ್ಲಿ, ಇತ್ತೀಚೆಗೆ ಗಣಕಯಂತ್ರದಲ್ಲಿ, ತಲೆಯ ಮಾದರಿಯನ್ನು ರೂಪಿಸುತ್ತಾನೆ. ಅದರಿಂದ ಲೋಹದ ಅಚ್ಚು ಸಿದ್ಧವಾಗುತ್ತದೆ. ಅಚ್ಚಿನಲ್ಲಿ ದ್ರವರೂಪದ ವಿನೈಲ್ ಸುರಿದು ಬಿಸಿಯಲ್ಲಿ ತಿರುಗಿಸಿದಾಗ ಒಳಗೆ ಟೊಳ್ಳಾದ ತಲೆ ದೊರೆಯುತ್ತದೆ. ನೈಲಾನ್ ಅಥವಾ ಸರನ್ ಎಳೆಗಳನ್ನು ಯಂತ್ರದ ಸೂಜಿಯಿಂದ ನೆತ್ತಿಗೆ ನಾಟಲಾಗುತ್ತದೆ. ಕಣ್ಣು, ಹುಬ್ಬು, ತುಟಿಗಳನ್ನು ಮುದ್ರಣದಿಂದ ಮೂಡಿಸಲಾಗುತ್ತದೆ. ಹುಬ್ಬಿನ ಬಾಗು ಅಥವಾ ತುಟಿಯ ಅಂಚು ಕೂದಲೆಳೆಯಷ್ಟು ಸರಿದರೂ ಹೋಲಿಕೆ ತಪ್ಪುತ್ತದೆ.

ಉಡುಪನ್ನು ಕಿರಿದುಗೊಳಿಸುವುದು ಇನ್ನೂ ಕಠಿಣ. ಉಡುಪಿನ ಅಳತೆಯನ್ನು ಆರನೆಯ ಒಂದಕ್ಕೆ ಇಳಿಸಬಹುದು. ಬಟ್ಟೆಯ ದಪ್ಪವನ್ನಾಗಲಿ ಅದರ ತೂಕವನ್ನಾಗಲಿ ಹಾಗೆ ಇಳಿಸಲಾಗದು. ಮೂಲ ಉಡುಪಿನಲ್ಲಿ ತನ್ನ ಭಾರದಿಂದಲೇ ಇಳಿಬೀಳುವ ರೇಷ್ಮೆಯು ಗೊಂಬೆಯ ಮೇಲೆ ಸೆಟೆದು ನಿಲ್ಲುತ್ತದೆ. ಆದ್ದರಿಂದ ತಯಾರಕರು ಮೂಲ ಬಟ್ಟೆಯನ್ನು ಬಿಟ್ಟು ಅದರಂತೆ ಕಾಣುವ ತೆಳುವಾದ ಬಟ್ಟೆಯನ್ನು ಆರಿಸುತ್ತಾರೆ. ಮುದ್ರಿತ ವಿನ್ಯಾಸವನ್ನು ಚಿಕ್ಕ ಅಳತೆಯಲ್ಲಿ ಮತ್ತೆ ಮುದ್ರಿಸುತ್ತಾರೆ, ನೆರಿಗೆಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತಾರೆ. ಬೆನ್ನಿನ ಭಾಗದಲ್ಲಿ ಪ್ರೆಸ್ ಬಟನ್ ಅಥವಾ ವೆಲ್ಕ್ರೋ ಪಟ್ಟಿ ಇರುತ್ತದೆ. ಹೀಗೆ ಗೊಂಬೆಯ ಉಡುಪು ಮೂಲದ ಯಥಾಪ್ರತಿಯಲ್ಲ. ನೋಡುವವರ ನೆನಪಿನಲ್ಲಿ ಉಳಿದ ಮುಖ್ಯಾಂಶಗಳ ಸಂಗ್ರಹರೂಪ.

ಕಾನೂನು ವಿವಾದಗಳು

ಡಯಾನಾ ಗೊಂಬೆಯ ಮೊಕದ್ದಮೆ

1997ರ ಆಗಸ್ಟ್‌ನಲ್ಲಿ ಡಯಾನಾ ನಿಧನರಾದ ಬಳಿಕ ಫ್ರಾಂಕ್ಲಿನ್ ಮಿಂಟ್ ಅವರ ರೂಪದ ಗೊಂಬೆ, ತಟ್ಟೆ ಮೊದಲಾದ ಸ್ಮರಣಿಕೆಗಳನ್ನು ಮಾರಾಟ ಮಾಡಿತು. ಅನುಮತಿಯಿಲ್ಲದೆ ಅವರ ಹೆಸರು ಮತ್ತು ರೂಪವನ್ನು ಬಳಸಲಾಗಿದೆ ಎಂದು ಅವರ ಆಸ್ತಿಯ ನಿರ್ವಾಹಕರೂ ಸ್ಮಾರಕ ನಿಧಿಯೂ 1998ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಖ್ಯಾತನಾಮರ ರೂಪದ ಮೇಲಿನ ಹಕ್ಕು ಮರಣಾನಂತರವೂ ವಾರಸುದಾರರಿಗೆ ಸಲ್ಲುತ್ತದೆ ಎಂಬ ಕಾನೂನು ಆ ರಾಜ್ಯದಲ್ಲಿ 1985ರಿಂದ ಇತ್ತು. ಆದರೆ ಡಯಾನಾರ ಕಾಯಂ ವಾಸಸ್ಥಾನ ಬ್ರಿಟನ್ ಆಗಿದ್ದುದರಿಂದ ಬ್ರಿಟನ್ನಿನ ಕಾನೂನೇ ಅನ್ವಯಿಸುತ್ತದೆ, ಅಲ್ಲಿ ಇಂತಹ ಮರಣೋತ್ತರ ಹಕ್ಕಿಲ್ಲ ಎಂದು ನ್ಯಾಯಾಲಯ ನಿರ್ಣಯಿಸಿತು. ಗೊಂಬೆಗೆ ನಿಧಿಯ ಒಪ್ಪಿಗೆಯಿದೆ ಎಂಬ ತಪ್ಪು ಭಾವನೆ ಮೂಡುತ್ತದೆ ಎಂಬ ವಾದವೂ ನಿಲ್ಲಲಿಲ್ಲ. ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಈ ತೀರ್ಪನ್ನು ಎತ್ತಿಹಿಡಿಯಿತು.

ಬಳಿಕ ಫ್ರಾಂಕ್ಲಿನ್ ಮಿಂಟ್ ಸ್ಮಾರಕ ನಿಧಿಯ ವಿರುದ್ಧವೇ ದುರುದ್ದೇಶದ ಮೊಕದ್ದಮೆಯ ಆರೋಪ ಹೊರಿಸಿ ದಾವೆ ಹೂಡಿತು. ಇದರಿಂದ 2003ರಲ್ಲಿ ನಿಧಿಯು ತನ್ನ ದತ್ತಿ ಅನುದಾನಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕಾಯಿತು. ಅದನ್ನೇ ನೆಚ್ಚಿಕೊಂಡಿದ್ದ ಸೇವಾಸಂಸ್ಥೆಗಳು ಸಂಕಷ್ಟಕ್ಕೆ ಸಿಲುಕಿದವು. 2004ರ ನವೆಂಬರ್‌ನಲ್ಲಿ ರಾಜಿಯಾಗಿ, ಎರಡೂ ಪಕ್ಷಗಳು ಒಪ್ಪಿದ ದತ್ತಿಕಾರ್ಯಗಳಿಗೆ 1.35 ಕೋಟಿ ಪೌಂಡುಗಳನ್ನು ನೀಡಲು ನಿಧಿ ಸಮ್ಮತಿಸಿತು.

ವಾಸಸ್ಥಾನದ ಪ್ರಶ್ನೆಯೇ ಮರ್ಲಿನ್ ಮನ್ರೋ ವಿಷಯದಲ್ಲಿಯೂ ನಿರ್ಣಾಯಕವಾಯಿತು. ಮರಣಕಾಲದಲ್ಲಿ ಆಕೆ ನ್ಯೂಯಾರ್ಕಿನ ನಿವಾಸಿಯೆಂದು ಪರಿಗಣಿತಳಾಗಿದ್ದುದರಿಂದ ಕ್ಯಾಲಿಫೋರ್ನಿಯಾದ ಮರಣೋತ್ತರ ಹಕ್ಕು ಆಕೆಯ ಹಕ್ಕುದಾರರಿಗೆ ದೊರೆಯದು ಎಂದು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಫ್ರಿಡಾ ಕಾಲೋ ಗೊಂಬೆ

2018ರ ಮಾರ್ಚ್‌ನಲ್ಲಿ ಮ್ಯಾಟೆಲ್ ಸ್ಫೂರ್ತಿದಾಯಕ ಮಹಿಳೆಯರ ಸರಣಿಯಲ್ಲಿ ಮೆಕ್ಸಿಕೋದ ಚಿತ್ರಕಾರ್ತಿ ಫ್ರಿಡಾ ಕಾಲೋಳ ಗೊಂಬೆಯನ್ನು ಪ್ರಕಟಿಸಿತು. ಸಂಸ್ಥೆಯು ಫ್ರಿಡಾ ಕಾಲೋ ಕಾರ್ಪೊರೇಷನ್‌ನಿಂದ ಅನುಮತಿ ಪಡೆದಿತ್ತು. ಆದರೆ ರೂಪದ ಹಕ್ಕು ಕುಟುಂಬದ್ದೆಂದು ಕಾಲೋಳ ಸಹೋದರಿಯ ಮೊಮ್ಮಗಳು ಆಕ್ಷೇಪಿಸಿದರು. ಏಪ್ರಿಲ್‌ನಲ್ಲಿ ಮೆಕ್ಸಿಕೋದ ನ್ಯಾಯಾಲಯವೊಂದು ಅಲ್ಲಿ ಗೊಂಬೆಯ ಮಾರಾಟಕ್ಕೆ ತಾತ್ಕಾಲಿಕ ತಡೆ ನೀಡಿತು. ಕಾಲೋ ತನ್ನ ಸ್ವಚಿತ್ರಗಳಲ್ಲಿ ಉದ್ದೇಶಪೂರ್ವಕವಾಗಿ ಎತ್ತಿ ತೋರಿಸುತ್ತಿದ್ದ ಕೂಡುಹುಬ್ಬು ಗೊಂಬೆಯಲ್ಲಿ ಮಸುಕಾಗಿದೆ, ಮೈಬಣ್ಣ ತಿಳಿಯಾಗಿದೆ, ಆಕೆ ಇಷ್ಟಪಟ್ಟು ಧರಿಸುತ್ತಿದ್ದ ತೆವಾನಾ ಶೈಲಿಯ ಉಡುಪು ಸರಿಯಾಗಿಲ್ಲ ಎಂಬ ಟೀಕೆಗಳು ಬಂದವು.

ಭಾರತದಲ್ಲಿ

ಭಾರತದಲ್ಲಿ ವ್ಯಕ್ತಿತ್ವದ ಮೇಲಿನ ಹಕ್ಕಿಗೆ ಪ್ರತ್ಯೇಕ ಶಾಸನವಿಲ್ಲ. ನ್ಯಾಯಾಲಯಗಳ ತೀರ್ಪುಗಳ ಮೂಲಕ ಅದು ರೂಪುಗೊಂಡಿದೆ. ಇವುಗಳಲ್ಲಿ ಮುಖ್ಯವಾದ ಒಂದು ಪ್ರಕರಣ ಗೊಂಬೆಗೇ ಸಂಬಂಧಿಸಿದ್ದು. ಪಂಜಾಬಿ ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ, ಅವರ ಹಾಡಿನ ಕೆಲವು ಸಾಲುಗಳನ್ನು ನುಡಿಸುವ ಗೊಂಬೆಗಳನ್ನು ಅನುಮತಿಯಿಲ್ಲದೆ ಮಾರಲಾಗುತ್ತಿದೆಯೆಂದು ಅವರ ಸಂಸ್ಥೆ ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋಯಿತು. 2010ರಲ್ಲಿ ನ್ಯಾಯಾಲಯವು ಗಾಯಕರ ಪರವಾಗಿ ತೀರ್ಪಿತ್ತು ಒಂದು ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ಇದೇ ವೇಳೆ, ವ್ಯಂಗ್ಯಚಿತ್ರ, ವಿಡಂಬನೆ ಮುಂತಾದವನ್ನು ಹತ್ತಿಕ್ಕಲು ಈ ಹಕ್ಕು ಬಳಕೆಯಾಗಬಾರದೆಂದೂ ಎಚ್ಚರಿಸಿತು. ಮರಣಾನಂತರದ ವಿಷಯದಲ್ಲಿ, ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ದಾವೆಯಲ್ಲಿ ಇದೇ ನ್ಯಾಯಾಲಯ 2023ರಲ್ಲಿ ಈ ಹಕ್ಕುಗಳು ವ್ಯಕ್ತಿಯೊಡನೆಯೇ ಕೊನೆಗೊಳ್ಳುತ್ತವೆ ಎಂಬ ನಿಲುವು ತಳೆಯಿತು.

ಪ್ರಾತಿನಿಧ್ಯ ಮತ್ತು ಟೀಕೆ

ಭಿನ್ನ ಜನಾಂಗದ ವ್ಯಕ್ತಿಗಳನ್ನು ಒಂದೇ ಅಚ್ಚಿಗೆ ಹೊಂದಿಸುವುದು ಈ ಪ್ರಕಾರದ ಹಳೆಯ ದೋಷ. 1967ರಲ್ಲಿ ಮ್ಯಾಟೆಲ್ ತಂದ ಕಪ್ಪು ವರ್ಣದ ಫ್ರಾನ್ಸಿ ಗೊಂಬೆಗೆ ಬಿಳಿಯ ಫ್ರಾನ್ಸಿಯ ಅಚ್ಚನ್ನೇ ಬಳಸಲಾಗಿತ್ತು; ಬದಲಾದದ್ದು ಬಣ್ಣ ಮಾತ್ರ. ಎಲ್ಲ ಮಹಿಳೆಯರನ್ನೂ ಒಂದೇ ಬಗೆಯ ತೆಳ್ಳನೆಯ ದೇಹದಲ್ಲಿ ತೋರಿಸುವುದರ ಬಗೆಗೂ ಆಕ್ಷೇಪಗಳಿವೆ.

ಇದಕ್ಕೆ ವಿರುದ್ಧವಾಗಿ ಗೊಂಬೆಯೇ ಸಾರ್ವಜನಿಕ ಪ್ರತ್ಯುತ್ತರವಾದ ನಿದರ್ಶನವೂ ಇದೆ. 2015ರ ಆಸ್ಕರ್ ಸಮಾರಂಭಕ್ಕೆ ನಟಿ ಜೆಂಡಾಯಾ ವಿವಿಯನ್ ವೆಸ್ಟ್‌ವುಡ್ ವಿನ್ಯಾಸದ ಬಿಳಿ ಉಡುಪನ್ನು ಧರಿಸಿ, ಕೂದಲನ್ನು ಜಡೆಗಟ್ಟಿದ ಆಫ್ರಿಕನ್ ಶೈಲಿಯಲ್ಲಿ ಬಿಟ್ಟು ಬಂದಿದ್ದರು. ದೂರದರ್ಶನ ನಿರೂಪಕಿಯೊಬ್ಬರು ಆ ಕೂದಲಿನ ಬಗ್ಗೆ ಹೀನಾಯವಾಗಿ ಮಾತನಾಡಿ, ಟೀಕೆಗೆ ಗುರಿಯಾಗಿ ಕ್ಷಮೆ ಯಾಚಿಸಿದರು. ಅದೇ ವರ್ಷ ಮ್ಯಾಟೆಲ್ ಆ ಉಡುಪು ಮತ್ತು ಅದೇ ಕೇಶವಿನ್ಯಾಸದ ಒಂದೇ ಒಂದು ಬಾರ್ಬಿಯನ್ನು ಜೆಂಡಾಯಾ ಗೌರವಾರ್ಥ ತಯಾರಿಸಿತು. ಚಿತ್ರನಿರ್ದೇಶಕಿ ಏವಾ ಡುವರ್ನೇ ಅವರ ಗೊಂಬೆಯನ್ನೂ ಮೊದಲು ಒಂದೇ ಪ್ರತಿಯಲ್ಲಿ ಮಾಡಲಾಗಿತ್ತು. ಜನರ ಒತ್ತಾಯದಿಂದ 2015ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಿಟ್ಟಾಗ ಅದು ಸ್ವಲ್ಪ ಹೊತ್ತಿನಲ್ಲಿಯೇ ಮುಗಿದುಹೋಯಿತು.

ಸಂಗ್ರಹ ಮತ್ತು ಸಂರಕ್ಷಣೆ

ಸಂಗ್ರಾಹಕರ ದೃಷ್ಟಿಯಲ್ಲಿ ಪೆಟ್ಟಿಗೆಯಿಂದ ಹೊರತೆಗೆಯದ ಗೊಂಬೆಗೆ ಹೆಚ್ಚಿನ ಬೆಲೆ. ಮೂಲ ಉಡುಪು, ಪಾದರಕ್ಷೆ, ಆಭರಣ ಮತ್ತು ಗುರುತಿನ ಚೀಟಿಗಳಲ್ಲಿ ಒಂದು ಕಳೆದರೂ ಬೆಲೆ ಇಳಿಯುತ್ತದೆ. ಉಡುಪಿಲ್ಲದ ಗೊಂಬೆ ಯಾರದೆಂದು ಗುರುತಿಸುವುದು ಕೆಲವೊಮ್ಮೆ ಕಷ್ಟವಾದ್ದರಿಂದ ಉಡುಪಿನೊಳಗೆ ಹೊಲಿದ ತಯಾರಕರ ಪಟ್ಟಿಯೂ ಕತ್ತಿನ ಹಿಂದಿನ ಅಚ್ಚಿನ ಗುರುತೂ ಮುಖ್ಯ ಆಧಾರಗಳಾಗಿವೆ. ಅಚ್ಚಿನಲ್ಲಿರುವ ವರ್ಷವು ಅಚ್ಚು ನೋಂದಣಿಯಾದ ವರ್ಷವೇ ಹೊರತು ಗೊಂಬೆ ತಯಾರಾದ ವರ್ಷವಾಗಿರಬೇಕೆಂದಿಲ್ಲ.

1930ರ ದಶಕದ ಗೊಂಬೆಗಳನ್ನು ಮರದ ಪುಡಿ ಮತ್ತು ಅಂಟಿನ ಮಿಶ್ರಣದಿಂದ ಮಾಡಲಾಗುತ್ತಿತ್ತು. ತೇವ ಮತ್ತು ಉಷ್ಣದ ಏರಿಳಿತದಿಂದ ಅವುಗಳ ಮೇಲ್ಮೈ ಬಲೆಯಂತೆ ಬಿರುಕು ಬಿಡುತ್ತದೆ. ವಿನೈಲ್ ಗೊಂಬೆಗಳಲ್ಲಿ ಪ್ಲಾಸ್ಟಿಕ್ಕನ್ನು ಮೃದುಗೊಳಿಸಲು ಬೆರೆಸಿದ ದ್ರವ್ಯ ವರ್ಷಗಳು ಕಳೆದಂತೆ ಹೊರಗೆ ಒಸರಿ ಮೈ ಜಿಗುಟಾಗುತ್ತದೆ. ಹಳೆಯ ಬಾರ್ಬಿಗಳ ಲೋಹದ ಕಿವಿಯೋಲೆಗಳು ಕಿಲುಬುಗಟ್ಟಿ ಕಿವಿಯ ಸುತ್ತ ಹಸಿರು ಕಲೆ ಉಳಿಸುತ್ತವೆ. ಗಾಢವರ್ಣದ ಬಟ್ಟೆಯ ಬಣ್ಣವೂ ವಿನೈಲ್‌ಗೆ ಇಳಿಯುತ್ತದೆ. ಆದ್ದರಿಂದ ವಸ್ತುಸಂಗ್ರಹಾಲಯಗಳಲ್ಲಿ ಇಂತಹ ಗೊಂಬೆಗಳನ್ನು ಮಂದ ಬೆಳಕಿನಲ್ಲಿ, ತಂಪಾದ ಒಣ ವಾತಾವರಣದಲ್ಲಿ ಇರಿಸಲಾಗುತ್ತದೆ. ಮೈಗೂ ಉಡುಪಿಗೂ ನಡುವೆ ಆಮ್ಲರಹಿತ ಕಾಗದವನ್ನು ಇಡುವ ರೂಢಿಯೂ ಇದೆ.